ಮೂರನೇ ಕುದುರೆಗಳ್ಳ

ನೆದರ್ಲೆಂಡ್ಸಿನ ಆಮ್ಸ್ಟೆಲ್‌ವೀನಿನಲ್ಲಿರುವ ನರಹರಿಯವರಿಗೆ ಡಚ್ಚರ ಕೌಬಾಯ್ ಸಿನಿಮಾಗಳಲ್ಲಿ ಸಾಯುವುದೇ ಕೆಲಸ. ಕಡಲತೀರದ ಮರಳುದಿಬ್ಬದಲ್ಲಿ ಅವರು ಗುಂಡು ತಗಲಿ ಉರುಳುವ ಚೆಂದಕ್ಕೆ ಕುದುರೆಯೇ ತಿರುಗಿ ನೋಡುತ್ತದೆ. ಆದರೆ ಕೊನೆಯಲ್ಲಿ ಪರದೆಯ ಮೇಲೆ ಬರುವ ಪಾತ್ರದ ಹೆಸರು 'ಮೂರನೇ ಕುದುರೆಗಳ್ಳ' ಎಂದಷ್ಟೇ. ಅದಕ್ಕೇ ಅವರ ಮೈ ಉರಿಯುತ್ತದೆ. ಪಾತ್ರಕ್ಕೊಂದು ಹೆಸರು ಕೊಡಿ ಎಂದರೆ ನಿರ್ದೇಶಕ ನಗುತ್ತಾನೆ. ಮನೆಗೆ ಬಂದು ಹೆಂಡತಿ ರುಕ್ಮಿಣಿಯ ಮುಂದೆ ಕೂಗಾಡುತ್ತಾರೆ: "ಕುದುರೆಗೂ ಹೆಸರು ಹಾಕ್ತಾರೆ ಕಣೇ! ಕಳ್ಳನಿಗೂ ಒಬ್ಬ ತಾಯಿ ಇರಲ್ವಾ? ಹೆಸರಿಡದೇ ಬಿಟ್ಟಿರ್ತಾಳಾ?" ಆಮೇಲೆ ತಾವು ಸತ್ತ ಒಂದೊಂದು ಪಾತ್ರಕ್ಕೂ ತಾವೇ ಒಂದು ಹೆಸರಿಡುತ್ತಾರೆ. ಮಹಾಲಯ ಅಮಾವಾಸ್ಯೆಯ ದಿನ ಹಿರಿಯರಿಗೆ ಎಡೆ ಇಟ್ಟ ಮೇಲೆ, ಪಕ್ಕದಲ್ಲಿ ಇನ್ನೊಂದು ಎಲೆ ಹಾಕಿಸಿ, ಸತ್ತ ಆ ಕಳ್ಳಕಾಕರನ್ನೆಲ್ಲ ಹೆಸರು ಹಿಡಿದು, ಒಬ್ಬೊಬ್ಬರನ್ನೇ ಊಟಕ್ಕೆ ಕರೆಯುತ್ತಾರೆ.