ಕೇಕ್ ತಟ್ಟೆಯ ಗುಂಡುಗಳು

ನಮ್ಮೂರಿನಲ್ಲಿ ಸೀಸ ಕರಗಿಸಿ ಮನೆಯಲ್ಲೇ ಗುಂಡು ಎರಕ ಹೊಯ್ಯದ ಗಂಡಸರು ಕಡಿಮೆ. ಆದರೆ ಆರ್ವಿಡ್ ಲಾಫ್‌ಗ್ರೆನ್‌ನಷ್ಟು ಮಡಿಯಿಂದ ಆ ಕೆಲಸ ಮಾಡುವವನು ಮೊಂಟಾನಾದ ಈ ಬಯಲಿನಲ್ಲೇ ಇರಲಿಲ್ಲ. ರೈಲ್ವೆ ವರ್ಕ್‌ಶಾಪಿನಿಂದ ನಿವೃತ್ತನಾದ ಮೇಲೆ ಗ್ಯಾರೇಜೇ ಅವನ ದೇವರಮನೆ. ಎರಕದ ಗುಂಡನ್ನು ಡೈ ಎಂಬ ಉಕ್ಕಿನ ಅಚ್ಚಿನ ತೂತಿನೊಳಗೆ ಒತ್ತಿ, ತುಸು ಕಿರಿದಾಗಿಸಿ, ಎಲ್ಲವನ್ನೂ ಒಂದೇ ದಪ್ಪಕ್ಕೆ ತರುತ್ತಿದ್ದ. ನಳಿಕೆಯಲ್ಲಿ ಸಲೀಸಾಗಿ ಜಾರಲೆಂದು, ಒತ್ತುವಾಗಲೇ ಗುಂಡಿನ ಸುತ್ತಲ ಗೀರುಗಳಿಗೆ ಜೇನುಮೇಣದ ಜಿಡ್ಡು ತುಂಬಿಕೊಳ್ಳುತ್ತಿತ್ತು. ಆಮೇಲೆ ಮೈಕ್ರೋಮೀಟರ್ ಹಿಡಿದು ದಪ್ಪ ಅಳೆಯುವುದು. ಕೂದಲೆಳೆಯಷ್ಟು ವ್ಯತ್ಯಾಸವಿದ್ದರೂ ಗುಂಡು ಮತ್ತೆ ಸೀಸದ ಪಾತ್ರೆಗೆ.

ಅವನ ಗೆಳೆಯ ವರ್ಜಿಲ್ ಡೈ ಮುಟ್ಟಿದವನೇ ಅಲ್ಲ. ಹೆಂಡತಿ ಡೆಲ್ಲಾಳ ಹಳೆಯ ಕೇಕ್ ತಟ್ಟೆಯಲ್ಲಿ ಎರಕದ ಗುಂಡುಗಳನ್ನು ಹಾಗೇ ನಿಲ್ಲಿಸಿ, ಜೇನುಮೇಣಕ್ಕೆ ಕುರಿಕೊಬ್ಬು ಬೆರೆಸಿ ಕರಗಿಸಿ ಸುತ್ತ ಹೊಯ್ಯುತ್ತಿದ್ದ. ಗಟ್ಟಿಯಾದ ಮೇಲೆ ಒಂದೊಂದನ್ನೇ ಕೊರೆದು ತೆಗೆದರೆ ಕೆಲಸ ಮುಗಿಯಿತು. ಗೋಧಿ ಕೊಯ್ಲಿನ ನಂತರ ಕಣಿವೆಯಾಚೆಯ ಕಬ್ಬಿಣದ ಕಾಡೆಮ್ಮೆಗೆ ಗುರಿ ಇಡುವ ಪಂದ್ಯದಲ್ಲಿ ಪ್ರತಿ ವರ್ಷ ಆರ್ವಿಡ್ ಅವನ ಕಾಲೆಳೆಯುತ್ತಿದ್ದ.

"ಸೋಮಾರಿಗೆ ಡೈ ಯಾಕೋ, ಹೆಂಡ್ತಿ ತಟ್ಟೆ ಇದ್ರೆ ಸಾಕು!"

"ನೀನ್ ಹೇಳೋದು ಸರಿ ಕಣೋ," ಎಂದು ವರ್ಜಿಲ್ ನಗುತ್ತಾ ಇನ್ನೊಂದು ತುಂಡು ಸೇಬಿನ ಪೈ ಬಾಯಿಗಿಡುತ್ತಿದ್ದ.

ವರ್ಜಿಲ್ ಒಂದು ವಸಂತದಲ್ಲಿ ತೀರಿಕೊಂಡ. ಅವನ ಅಜ್ಜನ ಕಾಲದ ಬಂದೂಕಿನಲ್ಲಿ ಅವನ ಪಕ್ಕದಲ್ಲೇ ಗುರಿ ಕಲಿತಿದ್ದ ಡೆಲ್ಲಾ, ಆ ವರ್ಷದ ಪಂದ್ಯಕ್ಕೆ ತಾನೇ ಇಳಿಯುತ್ತೇನೆ ಎಂದಳು. ಗುಂಡು ನನ್ನದು ಎಂದ ಆರ್ವಿಡ್. ತನ್ನ ಬಂದೂಕಿನ ಮೇಲೂ ವರ್ಜಿಲನದರ ಮೇಲೂ ಕೊರೆದಿದ್ದ ನಳಿಕೆಯ ಅಗಲದ ಸಂಖ್ಯೆ ಒಂದೇ ಆಗಿದ್ದರಿಂದ, ತನ್ನ ಡೈಯಲ್ಲೇ ಒತ್ತಿ ಕೊಟ್ಟ.

ಅಭ್ಯಾಸದಲ್ಲಿ ಡೆಲ್ಲಾಳ ಒಂದು ಗುಂಡೂ ಎಮ್ಮೆಗೆ ತಗಲಲಿಲ್ಲ. ಹತ್ತಿರದ ಕಾಗದದ ಗುರಿಯ ಮೇಲೂ ಹೇಗೆ ಹೇಗೋ ಚೆದುರಿ ಬಿದ್ದವು. ಮರುದಿನ ಅವಳು ನನ್ನ ಮೇವಿನ ಅಂಗಡಿಗೆ ಬಂದಾಗ ಆರ್ವಿಡ್ ಕಾಫಿ ಕುಡಿಯುತ್ತಾ ಕೂತಿದ್ದ.

"ನನ್ ಕಣ್ ಹೋಯ್ತು. ಶನಿವಾರ ಬಿಲ್ಲಿಂಗ್ಸ್‌ನಿಂದ ವ್ಯಾಪಾರಿ ಬರ್ತಾನೆ, ಬಂದೂಕು ಮಾರ್ಬಿಡ್ತೀನಿ," ಎಂದಳು. ಗಂಡನ ಅಂತ್ಯಕ್ರಿಯೆಯಲ್ಲೂ ನಾನು ಅವಳ ದನಿ ಅಷ್ಟು ಕುಗ್ಗಿದ್ದನ್ನು ಕೇಳಿರಲಿಲ್ಲ.

"ನನ್ ಗುಂಡಲ್ಲಂತೂ ತಪ್ಪಿಲ್ಲ," ಎಂದು ಆರ್ವಿಡ್ ಬಾಯಿಬಿಟ್ಟ. ಸಮಾಧಾನ ಹೇಳುವುದು ಅವನಿಗೆ ಎಂದೂ ಬಂದ ವಿದ್ಯೆಯಲ್ಲ.

ಡೆಲ್ಲಾ ಗುರಿಯ ಕಾಗದವನ್ನು ಅವನ ಮುಂದೆ ಬಿಸಾಡಿದಳು. ಅವನು ಅದನ್ನು ಬಿಡಿಸಿ ಬಹಳ ಹೊತ್ತು ನೋಡಿದ. ತೂತುಗಳು ದುಂಡಗಿರಲಿಲ್ಲ, ಉದ್ದುದ್ದ ಸೀಳಿದ್ದವು. ಗುಂಡು ಮಗ್ಗುಲಾಗಿ ಹೋಗಿ ಬಡಿದಿತ್ತು. ಕಣ್ಣು ಮಂಜಾದವರ ಗುರಿ ಅತ್ತಿತ್ತ ಆಗಬಹುದು, ಗುಂಡು ಅಡ್ಡ ತಿರುಗುವುದಿಲ್ಲ.

"ಬಂದೂಕು ತಗೊಂಬಾ," ಎಂದ.

ಅಂದು ಸಂಜೆ ಅವನ ಗ್ಯಾರೇಜಿನಲ್ಲಿ ಡೆಲ್ಲಾಳೂ ನಾನೂ ಇದ್ದೆವು. ನಳಿಕೆಗೆ ಮೆತ್ತಿದ್ದ ಸೀಸವನ್ನು ಉಜ್ಜಿ ತೆಗೆದು, ಎಣ್ಣೆ ಹಚ್ಚಿ, ಮೆತ್ತನೆಯ ಸೀಸದ ತುಂಡೊಂದನ್ನು ಸರಳಿನಿಂದ ಬಡಿಯುತ್ತಾ ನಳಿಕೆಯ ಉದ್ದಕ್ಕೂ ದಾಟಿಸಿದ. ನಳಿಕೆಯ ಅಗಲವನ್ನೇ ಪಡೆದು ಹೊರಬಿದ್ದ ತುಂಡನ್ನು ಅಳೆದ. ನಂಬದೆ ಇನ್ನೊಮ್ಮೆ ಅಳೆದ. ಅಜ್ಜನ ನಳಿಕೆ ಸವೆದು, ಕೊರೆದಿದ್ದ ಸಂಖ್ಯೆಗಿಂತ ಅಗಲವಾಗಿತ್ತು. ಆರ್ವಿಡ್‌ನ ತಿದ್ದಿ ತೀಡಿದ ಗುಂಡುಗಳು ಅದರೊಳಗೆ ಸಡಿಲ. ಡೆಲ್ಲಾ ತಂದಿದ್ದ ಡಬ್ಬಿಯಿಂದ ವರ್ಜಿಲ್ ಎರಕ ಹೊಯ್ದ ಗುಂಡೊಂದನ್ನು ತೆಗೆದು ಅಳೆದ. ಡೈಯಲ್ಲಿ ಒತ್ತದ ಅದು ನಳಿಕೆಗೆ ಬೇಕಾದಷ್ಟೇ ದಪ್ಪ.

"ಅವ್ನು ಸೋಮಾರಿ ಅಲ್ಲ, ಡೆಲ್ಲಾ. ಅವ್ನಿಗೆ ಗೊತ್ತಿತ್ತು."

"ಮತ್ತೆ ಯಾಕ್ ಹೇಳ್ಲಿಲ್ಲ?"

"ಅಜ್ಜನ ಬಂದೂಕು ಸವೆದಿದೆ ಅಂತ ಊರವ್ರು ಆಡ್ಕೋಬಾರ್ದಲ್ಲ. ಅದ್ರ ಬದ್ಲು ತಾನೇ ಸೋಮಾರಿ ಅನ್ನಿಸ್ಕೊಂಡ."

ಡೆಲ್ಲಾ ಬಂದೂಕನ್ನು ಮಡಿಲಿಗೆ ಎಳೆದುಕೊಂಡು ಅತ್ತಳು. ಆರ್ವಿಡ್ ಮೈಕ್ರೋಮೀಟರ್ ಒರೆಸುತ್ತಾ ಕೂತ, ಒರೆಸಿದ್ದನ್ನೇ ಒರೆಸುತ್ತಾ. ಶನಿವಾರ ವ್ಯಾಪಾರಿ ಬರಿಗೈಯಲ್ಲಿ ಹೋದ.

ಪಂದ್ಯದ ದಿನ ಆರ್ವಿಡ್ ಕೇಕ್ ತಟ್ಟೆಯನ್ನು ಎರಡೂ ಕೈಯಲ್ಲಿ ಹೊತ್ತು ಬಂದ. ಮೇಣದ ನಡುವೆ ಗುಂಡುಗಳು ಸಾಲಾಗಿ ನಿಂತಿದ್ದವು.

"ಏನೋ ಆರ್ವಿಡ್, ಡೈ ಮಾರ್ಕೊಂಡ್ಯಾ? ಮುದುಕ ಆದ್ಮೇಲೆ ಸೋಮಾರಿತನ ಬಂತಾ?" ಎಂದು ಯಾರೋ ಕೂಗಿದರು. ಎಲ್ಲರೂ ನಕ್ಕರು.

ಕಾರಣ ಹೇಳಿಬಿಡುತ್ತಾನೆ ಎಂದುಕೊಂಡೆ. ಅಳತೆಯ ವಿಷಯದಲ್ಲಿ ಅವನು ಯಾರ ಮಾತನ್ನೂ ಸಹಿಸಿದವನಲ್ಲ. ಆರ್ವಿಡ್ ಒಂದು ಗುಂಡು ಕೊರೆದು ತೆಗೆದು, ಬುಡ ಒರೆಸಿ ಡೆಲ್ಲಾಳ ಕೈಗಿಟ್ಟ.

"ನೀನ್ ಹೇಳೋದು ಸರಿ ಕಣೋ," ಎಂದ.

ಸ್ವಲ್ಪ ಹೊತ್ತಿನಲ್ಲಿ ಕಣಿವೆಯಾಚೆ ಕಬ್ಬಿಣ ಠಣ್ಣೆಂದಿತು.