ನೀರಿನ ಸೀಟಿ

ಹೋದ ತಿಂಗಳು ಸಿಂಧನೂರಿನ ಹೊರಗೊಂದು ಕ್ರೀಡಾಂಗಣದ ಗೇಟಿನಲ್ಲಿ ನನ್ನ ನೀರಿನ ಬಾಟಲಿಯನ್ನು ಕಸಿದುಕೊಂಡರು. ಕಸಿದುಕೊಂಡರು ಎಂಬುದು ದೊಡ್ಡ ಮಾತಾಯಿತು. ಕಾವಲಿನವನು ಕೈಚಾಚಿದ, ನಾನು ಕೊಟ್ಟೆ. ನಿಯಮ ಎಂದ ಕೂಡಲೇ ಕೊಟ್ಟುಬಿಡುವ ಜಾತಿಯವನು ನಾನು. ಮೂವತ್ತೆರಡು ವರ್ಷ ಲಿಂಗಸುಗೂರಿನಲ್ಲಿ ಪಿ.ಟಿ. ಮಾಸ್ತರನಾಗಿದ್ದವನು. ಈಗಲೂ ನಾಲ್ಕೂ ಮುಕ್ಕಾಲಿಗೆ ಏಳುತ್ತೇನೆ, ಐದಕ್ಕೆ ನಡೆಯುತ್ತೇನೆ, ಕಾಲುಚೀಲವನ್ನು ಎಡಗಾಲಿಗೇ ಮೊದಲು ಹಾಕುತ್ತೇನೆ. ಬಲಗಾಲಿಗೆ ಮೊದಲು ಹಾಕಿದರೆ ಏನಾಗುತ್ತದೆ ಎಂದು ನೀವು ಕೇಳಬಹುದು. ಗೊತ್ತಿಲ್ಲ. ಹಾಕಿ ನೋಡಿಲ್ಲ.

ಅಂದು ಮೊಮ್ಮಗಳು ಭಾಗ್ಯಳ ಖೋ-ಖೋ ಪಂದ್ಯವಿತ್ತು. ಹನ್ನೊಂದು ಗಂಟೆಗೇ ನೆತ್ತಿ ಸುಡುತ್ತಿತ್ತು. ಗೇಟಿನ ಪಕ್ಕದಲ್ಲಿ ಹಾಸಿದ ತಾಡಪತ್ರಿಯ ಮೇಲೆ ಬಾಟಲಿಗಳ ಗುಡ್ಡೆ. ಬಿಸಿಲಿಗೆ ಕಾದ ಪ್ಲಾಸ್ಟಿಕ್ಕಿನ ವಾಸನೆ ಮೂಗಿಗೆ ಬಡಿಯಿತು.

"ಹೋದ ವರ್ಷ ಕಬಡ್ಡಿಯಾಗ ಮಂದಿ ಅಂಪೈರ್ ಮ್ಯಾಲ ಬಾಟ್ಲಿ ಒಗದಾರ್ರಿ ಅಜ್ಜಾರ. ಅದಕ್ಕ ಬಂದ್ ಮಾಡ್ಯಾರ" ಎಂದ ಕಾವಲಿನವನು.

"ಒಳಗ ಕುಡ್ಯಾಕ ನೀರು ಐತೇನಪಾ?"

"ನಳ ಐತ್ರಿ."

"ನಳದಾಗ ನೀರು?"

"ಅದು ನಳಾನ ಕೇಳಬೇಕ್ರಿ" ಎಂದು ನಕ್ಕ.

ಭಾಗ್ಯ ಪಕ್ಕದಲ್ಲೇ ಇದ್ದಳು. ಅವಳ ಬಾಟಲಿಯೂ ಗುಡ್ಡೆ ಸೇರಿತ್ತು. "ತಾತ, ಜಗಳಾ ಮಾಡಬ್ಯಾಡ ಮತ್ತ. ಇಂಥಾ ರೂಲ್ಸ್ ಎಲ್ಲಾ ನಿನ್ನಂಥಾವ್ರ ಮಾಡಿರ್ತಾರ" ಎಂದಳು. ತಮಾಷೆಗೇ ಅಂದದ್ದು. ನಾನು ಜಗಳ ಮಾಡಲಿಲ್ಲ, ಒಳಗೆ ಹೋಗಿ ಕೂತೆ. ನಳದ ಮುಂದೆ ಮಕ್ಕಳ ಸಾಲು ನಿಂತಿತ್ತು. ನಳ ಒಮ್ಮೆ ಕೆಮ್ಮಿ, ನಾಲ್ಕು ಹನಿ ಉಗುಳಿ ಸುಮ್ಮನಾಯಿತು. ಮೆಟ್ಟಿಲ ಮೇಲಿಂದ ನೋಡಿದರೆ ಗೋಡೆಯಾಚೆ ಗೊರೇಬಾಳದ ಕಡೆಯ ಭತ್ತದ ಗದ್ದೆಗಳು. ಕಾಲುವೆ ನೀರಿನಲ್ಲಿ ಮೊಣಕಾಲುದ್ದ ನಿಂತ ಹಸಿರು. ಭತ್ತಕ್ಕೆ ನೀರಡಿಕೆಯಾದರೆ ನದಿಯನ್ನೇ ತಿರುಗಿಸಿ ತರುವ ಜನ ನಾವು.

ಆಟದ ಮಧ್ಯೆ ಭಾಗ್ಯ ಗೆರೆಯ ಹೊರಗೆ ಬಂದು, ತುಟಿ ನೆಕ್ಕಿಕೊಂಡು, ನನ್ನ ಕಡೆ ಒಮ್ಮೆ ನೋಡಿದಳು. ಆ ನೋಟ ನನಗೆ ಹೊಸದಾಗಿರಲಿಲ್ಲ.

ನನ್ನ ಕಾಲದಲ್ಲಿ ಸೀಟಿ ಮತ್ತು ಬೀಗದ ಕೈ ಒಂದೇ ದಾರದಲ್ಲಿ ನನ್ನ ಕೊರಳಲ್ಲಿರುತ್ತಿದ್ದವು. ಲಿಂಗಸುಗೂರಿನ ಮೈದಾನದ ಮೂಲೆಯಲ್ಲಿ ಒಂದು ಕೋಣೆ. ಕ್ರೀಡಾಕೂಟದ ದಿನ ಅದರೊಳಗೆ ನಾಲ್ಕು ಡ್ರಮ್ಮು ನೀರು ತುಂಬಿಸಿ ಬೀಗ ಹಾಕುತ್ತಿದ್ದೆ. ಒಂಬತ್ತೂವರೆ, ಹನ್ನೊಂದು, ಹನ್ನೆರಡೂವರೆ, ಮೂರು. ಈ ನಾಲ್ಕು ಹೊತ್ತಿಗೆ ಉದ್ದ ಸೀಟಿ ಹೊಡೆದು ಬೀಗ ತೆಗೆಯುತ್ತಿದ್ದೆ. ಮಕ್ಕಳು ಅದಕ್ಕೆ 'ನೀರಿನ ಸೀಟಿ' ಎಂದು ಹೆಸರಿಟ್ಟಿದ್ದರು. ಮಧ್ಯೆ ಯಾರಾದರೂ ಕೇಳಿದರೆ ಬಾಯಿ ಮುಕ್ಕಳಿಸಲು ಒಂದು ಲೋಟ ಕೊಡಬಹುದಿತ್ತು, ನುಂಗುವಂತಿರಲಿಲ್ಲ. ಓಡುವಾಗ ನೀರು ಕುಡಿದರೆ ಪಕ್ಕೆ ಹಿಡಿಯುತ್ತದೆ, ಮೈ ಭಾರವಾಗುತ್ತದೆ ಎಂದು ತರಬೇತಿಯಲ್ಲಿ ನಮಗೆ ಕಲಿಸಿದ್ದರು. ನಮಗೆ ಕಲಿಸಿದವರಿಗೂ ಯಾರೋ ಹಾಗೆಯೇ ಕಲಿಸಿರಬೇಕು. ಇದು ತಪ್ಪು ಎಂದು ಈಗ ಚಿಕ್ಕ ಮಕ್ಕಳಿಗೂ ಗೊತ್ತು. ನನಗೆ ಗೊತ್ತಿರಲಿಲ್ಲ. ಅಷ್ಟೇ ಆಗಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ. ಗೊತ್ತಿಲ್ಲದೆ ಮಾಡಿದ್ದಕ್ಕೆ ನಿದ್ದೆ ಕೆಡಿಸಿಕೊಳ್ಳುವ ಸ್ವಭಾವ ನನ್ನದಲ್ಲ.

ಇಪ್ಪತ್ತೆರಡು ವರ್ಷದ ಹಿಂದಿನ ಮಾತು. ಮಸ್ಕಿ ಆಗಿನ್ನೂ ನಮ್ಮ ತಾಲೂಕಿನಲ್ಲೇ ಇತ್ತು. ಶ್ರಾವಣ ಕಳೆದರೂ ಮಳೆ ಮುಖ ತೋರಿಸಿರಲಿಲ್ಲ, ಬಿಸಿಲು ಚೈತ್ರದ್ದೇ. ಕ್ರೀಡಾಕೂಟದ ಮುಂದಾಳು ನಾನು. ನನ್ನ ಕೂಟಗಳು ತಡವಾಗುತ್ತಿರಲಿಲ್ಲ, ಒಮ್ಮೊಮ್ಮೆ ಹೊತ್ತಿಗಿಂತ ಮುಂದೆಯೇ ಓಡುತ್ತಿದ್ದವು. ಅದು ನನಗೆ ಹೆಮ್ಮೆ. ಅಂದು ಹುಡುಗಿಯರ ಸಾವಿರದೈನೂರು ಮೀಟರ್ ಓಟ ಪಟ್ಟಿಯ ಪ್ರಕಾರ ಹನ್ನೆರಡೂ ಮುಕ್ಕಾಲಿಗೆ, ಅಂದರೆ ನೀರಿನ ಸೀಟಿಯಾದ ಮೇಲೆ ಇತ್ತು. ನಾನು ಅದನ್ನು ಹನ್ನೆರಡೂ ಇಪ್ಪತ್ತಕ್ಕೆ ತಂದು ನಿಲ್ಲಿಸಿದೆ.

ಮಸ್ಕಿಯಿಂದ ಶರಣಮ್ಮ ಎಂಬ ಹುಡುಗಿ ಬಂದಿದ್ದಳು. ಒಂಬತ್ತನೇ ತರಗತಿ, ಕಡ್ಡಿಯಂಥ ಕಾಲು, ಬರಿಗಾಲಲ್ಲೇ ಓಡುವವಳು. ಜಿಲ್ಲೆಗೆ ಅವಳೇ ಹೋಗುತ್ತಾಳೆ ಎಂಬುದರಲ್ಲಿ ಯಾರಿಗೂ ಸಂಶಯವಿರಲಿಲ್ಲ. ಗೆರೆಯ ಮೇಲೆ ನಿಲ್ಲುವ ಮುಂಚೆ ನನ್ನ ಹತ್ತಿರ ಬಂದಳು.

"ಸಾರ್, ಒಂದ್ ಗುಟುಕು ನೀರು ಕುಡಿದು ಬರ್ಲೇನ್ರಿ?"

ನಾನು ಗಡಿಯಾರ ನೋಡಿದೆ. "ಇನ್ನ ಹನ್ನೆರಡು ನಿಮಿಷ ಐತಿ."

"ಅಷ್ಟೊತ್ತಿಗೆ ಓಟ ಮುಗಿದಿರ್ತೈತ್ರಿ."

"ಮುಗಿಸಿ ಕುಡಿ. ಆರಾಮ ಕುಡಿ."

ಪಕ್ಕದ ಹುಡುಗಿ ಕಿಸಕ್ಕೆಂದಳು. "ಬಾರಲೇ ಶರಣಿ. ಸಾರ್ ಗಡಿಯಾರಕ್ಕ ನೀರಡಿಕಿ ಆದ್ರ ಅಷ್ಟ ನಮಗ ನೀರು!" ಎಲ್ಲರೂ ನಕ್ಕರು. ಶರಣಮ್ಮಳೂ ನಕ್ಕಳು. ನಿಜ ಹೇಳುತ್ತೇನೆ, ನನಗೂ ಆ ಮಾತು ಮೆಚ್ಚುಗೆಯಾಯಿತು. ಬಿಗಿ ಮಾಸ್ತರ ಎನಿಸಿಕೊಳ್ಳುವುದು ಆಗ ಹಾರ ಹಾಕಿಸಿಕೊಂಡಷ್ಟೇ ಹಿತವಾಗಿತ್ತು.

ಕೊನೆಯ ತಿರುವಿನವರೆಗೆ ಅವಳೇ ಮುಂದಿದ್ದಳು. ಆಮೇಲೆ ಕಾಲು ಅಡ್ಡಾದಿಡ್ಡಿ ಬೀಳತೊಡಗಿದವು. ಸುಣ್ಣದ ಗೆರೆಯ ಮೇಲೆ ಮುಖ ಅಡಿಯಾಗಿ ಬಿದ್ದಳು. ಎತ್ತಿದಾಗ ಒಂದು ಕೆನ್ನೆ ಬೆಳ್ಳಗೆ, ಮೈ ಕಾದ ಹಂಚು. ಓಡಿಹೋಗಿ ಬೀಗ ತೆಗೆದೆ. ಅಭ್ಯಾಸ ನೋಡಿ, ಅಂಥ ಹೊತ್ತಿನಲ್ಲೂ ಕಣ್ಣು ಮುಂಗೈಗೆ ಹೋಯಿತು. ಸರಿಯಾಗಿ ಹನ್ನೆರಡೂವರೆ.

ಆಸ್ಪತ್ರೆಯಲ್ಲಿ ಸಲೈನ್ ಹಾಕಿದರು. ಸಂಜೆಗೆ ಎದ್ದು ಕೂತು ನಾಚಿಕೊಂಡಳು. ಜೀವಕ್ಕೆ ಏನೂ ಆಗಲಿಲ್ಲ. ನಾನು ಶಾಲೆಗೆ ಬಂದು ವರದಿ ಬರೆಯಲು ಕೂತೆ. 'ಅಸ್ವಸ್ಥತೆಗೆ ಕಾರಣ' ಎಂಬ ಕಡೆ ಲೇಖನಿ ನಿಂತಿತು. ಹೆಚ್ಚು ಹೊತ್ತಲ್ಲ. 'ಬೆಳಿಗ್ಗೆ ಊಟ ಮಾಡದೆ ಖಾಲಿ ಹೊಟ್ಟೆಯಲ್ಲಿ ಓಡಿದ್ದು' ಎಂದು ದುಂಡಾದ ಅಕ್ಷರದಲ್ಲಿ ಬರೆದೆ. ಅವಳು ಉಂಡಿದ್ದಳೋ ಇಲ್ಲವೋ ನಾನು ಕೇಳಿರಲಿಲ್ಲ. ಬಿದ್ದ ಮಕ್ಕಳ ಬಗ್ಗೆ ನಾವು ಸಾಮಾನ್ಯವಾಗಿ ಬರೆಯುತ್ತಿದ್ದದ್ದೇ ಅದು. ಮಸ್ಕಿಯ ಹೆಡ್‌ಮಾಸ್ತರರು ಫೋನು ಮಾಡಿದಾಗಲೂ ಅದನ್ನೇ ಓದಿ ಹೇಳಿದೆ. ಅವರು ಅವಳ ಅಪ್ಪನಿಗೆ ಹೇಳಿದರು.

ನಾಲ್ಕು ದಿನದ ಮೇಲೆ, ಮಧ್ಯಾಹ್ನದ ಹೊತ್ತು, ಒಬ್ಬ ಹೆಣ್ಣುಮಗಳು ಶಾಲೆಯ ಪಡಸಾಲೆಯಲ್ಲಿ ಬಂದು ನಿಂತಳು. ತಲೆಯ ಮೇಲೆ ಸೆರಗು, ಕಾಲ ತುಂಬ ಧೂಳು. ಶರಣಮ್ಮಳ ತಾಯಿ, ಅಮರಮ್ಮ.

"ಸಾರ್, ನಾ ಅವತ್ತು ನಸುಕಿನ್ಯಾಗ ಎದ್ದು ರೊಟ್ಟಿ ಮಾಡೀನ್ರಿ. ಎರಡು ಸಜ್ಜಿ ರೊಟ್ಟಿ, ಶೇಂಗಾ ಚಟ್ನಿ. ಅಕಿ ತಿಂದದ್ದು ಕಣ್ಣಿಲೆ ನೋಡೀನಿ. ಅಕಿ ಅಪ್ಪ ಮಂದ್ಯಾಗ ತಲಿ ತಗ್ಗಿಸ್ಯಾನ. 'ಮನ್ಯಾಗ ಜ್ವಾಳ ಇಟಗೊಂಡು ಮಗಳಿಗೆ ಹಾಕಲಿಲ್ಲೇನ ನೀ' ಅಂತಾನ್ರಿ. ಓಡೂದು ಬಂದ್ ಅಂದಾನ. ಬರದದ್ದು ತಗದು ಹಾಕ್ರಿ ಸಾರ್."

ನಾನು ಹೇಳಿದೆ: "ಕಾಗದ ಮ್ಯಾಲಿನ ಆಫೀಸಿಗೆ ಹೋಗಿಬಿಟ್ಟೈತಿ ತಾಯಿ. ಇನ್ನ ತಿದ್ದಾಕ ಬರಂಗಿಲ್ಲ."

ಕಾಗದ ಹೋಗಿರಲಿಲ್ಲ. ನನ್ನ ಮೇಜಿನ ಖಾನೆಯಲ್ಲೇ ಇತ್ತು. ವರದಿಗಳನ್ನು ನಾನು ಸೋಮವಾರ ಕಳಿಸುತ್ತಿದ್ದೆ, ಅಂದು ಶುಕ್ರವಾರ. ಒಂದು ಗೆರೆ ಎಳೆದಿದ್ದರೆ ಸಾಕಿತ್ತು. ಆದರೆ ನನ್ನ ಕಡತಗಳಲ್ಲಿ ಒಂದೂ ಚಿತ್ತು ಇರುತ್ತಿರಲಿಲ್ಲ, ಸಾಹೇಬರು ಅದನ್ನು ಬೇರೆಯವರಿಗೆ ತೋರಿಸಿ ಹೊಗಳುತ್ತಿದ್ದರು. ಮತ್ತೆ, ಆ ಸಾಲನ್ನು ಹೊಡೆದುಹಾಕಿದರೆ ಅದರ ಜಾಗದಲ್ಲಿ ಏನು ಬರೆಯಬೇಕಾಗುತ್ತದೆ ಎಂಬುದು ನನಗೆ ಗೊತ್ತಿತ್ತು.

ಅವಳು ಸೆರಗು ಸರಿಮಾಡಿಕೊಂಡಳು. ನಂತರ "ಆತ್ರಿ" ಎಂದು ಹೊರಟುಹೋದಳು. ಬಿಸಿಲಲ್ಲಿ ಬಂದವರಿಗೆ ನಮ್ಮ ಕಡೆ ಮೊದಲು ಬೆಲ್ಲ ನೀರು ಕೊಡುತ್ತಾರೆ. ಮಾತು, ಜಗಳ, ಬೀಗತನ, ಎಲ್ಲ ಆಮೇಲೆ. ವೈರಿ ಬಂದರೂ ಹಾಗೆಯೇ. ನನ್ನ ಪಕ್ಕದಲ್ಲಿ ತುಂಬಿದ ಹೂಜಿ ಇತ್ತು. ನನಗೆ ನೆನಪೇ ಆಗಲಿಲ್ಲ.

ಲಿಂಗಸುಗೂರಿನಿಂದ ಸಿಂಧನೂರಿಗೆ ಮಸ್ಕಿಯ ಮೇಲೆಯೇ ಹೋಗಬೇಕು. ಇಷ್ಟು ವರ್ಷದಲ್ಲಿ ಎಷ್ಟು ಸಲ ಹೋಗಿದ್ದೇನೋ. ಅವಳ ಮನೆ ರಸ್ತೆಗೆ ಕಾಣುತ್ತದೆ. ಆ ಜಾಗ ಬಂದಾಗಲೆಲ್ಲ ನಾನು ಬಸ್ಸಿನ ಇನ್ನೊಂದು ಕಡೆ ನೋಡುತ್ತಿದ್ದೆ. ಇದೂ ಒಂದು ಶಿಸ್ತು.

ಅಂದು ಪಂದ್ಯ ಮುಗಿಯಿತು. ಭಾಗ್ಯ ತಂಡದ ಟೆಂಪೋದಲ್ಲಿ ಹೋದಳು. ನಾನು ಗೇಟಿನ ಗುಡ್ಡೆಯಿಂದ ನನ್ನ ಬಾಟಲಿ ಹುಡುಕಿಕೊಂಡೆ. ನೀರು ಬಾಯಿಗಿಡಲಾಗದಷ್ಟು ಕಾದಿತ್ತು, ಚೆಲ್ಲಿದೆ. ಲಿಂಗಸುಗೂರಿನ ಬಸ್ಸು ಹತ್ತಿ, ಚೀಟಿಯನ್ನು ಲಿಂಗಸುಗೂರಿಗೇ ತೆಗೆಸಿ, ಮಸ್ಕಿಯಲ್ಲಿ ಇಳಿದೆ. ನನ್ನ ಆಯುಷ್ಯದಲ್ಲಿ ಹಾಗೆ ಮಧ್ಯದಲ್ಲಿ ಇಳಿದದ್ದು ಅದೇ ಮೊದಲು.

ಅಮರಮ್ಮ ಹೊರಕಟ್ಟೆಯ ಮೇಲೆ ಕೂತು ಶೇಂಗಾ ಸುಲಿಯುತ್ತಿದ್ದಳು. ಕೂದಲು ಪೂರ್ತಿ ಬೆಳ್ಳಗಾಗಿತ್ತು. ನಾನು ಯಾರೆಂದು ಹೇಳಲು ಹೊರಟೆ.

"ಗೊತ್ತಾತ್ರಿ. ಸೀಟಿ ಸಾರ್. ಕುಂದರ್ರಿ, ಬಿಸಿಲಾಗ ಬಂದೀರಿ."

"ಕೂಡಾಕ ಬಂದಿಲ್ಲ ತಾಯಿ. ಒಂದು ಮಾತು ಹೇಳೂದೈತಿ..."

"ನೀರು ಕುಡೀಲಾರದ ನಮ್ಮನ್ಯಾಗ ಯಾರೂ ಮಾತಾಡಂಗಿಲ್ರಿ" ಎಂದು ಎದ್ದು ಒಳಗೆ ಹೋದಳು. ಒಂದು ಉಂಡೆ ಬೆಲ್ಲ, ಒಂದು ತಂಬಿಗೆ ನೀರು ತಂದಿಟ್ಟಳು. ಬೆಲ್ಲ ಬಾಯಿಗೆ ಹಾಕಿಕೊಂಡೆ. ಕರಗಲು ಬಹಳ ಹೊತ್ತು ಹಿಡಿಯಿತು. ತಂಬಿಗೆ ಖಾಲಿಯಾಗುವವರೆಗೆ ಅವಳು ಕಾದಳು.

ಆಮೇಲೆ ಎಲ್ಲ ಹೇಳಿದೆ. ಹುಡುಗಿ ನೀರು ಕೇಳಿದ್ದು, ನಾನು ಗಡಿಯಾರ ನೋಡಿದ್ದು, ಖಾನೆಯಲ್ಲಿದ್ದ ಕಾಗದ.

ಮತ್ತೆ ಶೇಂಗಾ ಸುಲಿಯುತ್ತಿದ್ದ ಅವಳ ಕೈ ನಿಂತಿತು. "ನಾ ನಿಮ್ಮ ಎದುರಿಗಿ ನಿಂತಾಗ ಕಾಗದ ಅಲ್ಲೇ ಇತ್ತೇನ್ರಿ?"

"ಇತ್ತು ತಾಯಿ."

"ಅಕಿ ನೀರು ಕೇಳಿದ್ದು ನನಗ ಗೊತ್ತಿತ್ರಿ, ಅಕಿನ ಹೇಳ್ಯಾಳ. ಕಾಗದದ್ದು ಗೊತ್ತಿರ್ಲಿಲ್ಲ." ಒಂದು ಕಾಯಿ ಒಡೆದು ಬೀಜವನ್ನು ಮೊರಕ್ಕೆ ಹಾಕಿದಳು. "ಅಕಿ ಏನ ಚಲೋ ಅದಾಳ ಬಿಡ್ರಿ. ಗೊರೇಬಾಳಕ್ಕ ಕೊಟ್ಟೀವಿ. ನಾಟಿ ಹಚ್ಚಾಕ ನಿಂತ್ರ ಈಗೂ ಎಲ್ಲಾರಕಿಂತ ಮುಂದ. ಆದ್ರ ಅಕಿ ಅಪ್ಪ... ಮಾತು ಬಂದಾಗೊಮ್ಮೆ ಅಂತಿದ್ದ, ನೀ ಒಂದ್ ರೊಟ್ಟಿ ಹಾಕಿದ್ರ ನನ್ ಮಗಳು ಎಲ್ಲಿಗೋ ಹೋಗ್ತಿದ್ಲು ಅಂತ. ಅಕಿ ಹೇಳಿದ್ರ, ತಾಯಿ ಕಡೀಗಿ ಮಾತಾಡ್ತಾಳ ಅಂತ ನಂಬಲಿಲ್ಲ. ಸಿಟ್ಟಿಲೆ ಅಲ್ರಿ. ಸಂಕಟಕ್ಕ ಅಂತಿದ್ದ. ಹ್ವಾದ ದೀಪಾವಳಿ ಮುಂದ ತೀರಿಕೊಂಡ."

ಮಡಿಲಲ್ಲಿದ್ದ ಸಿಪ್ಪೆಯನ್ನು ಅವಳು ಕಟ್ಟೆಯ ಕೆಳಗೆ ಕೊಡವಿದಳು.

"ಅಂವ ಇದ್ದಾಗ ಬರಬೇಕಿತ್ರಿ ಸಾರ್ ನೀವು. ಈಗ ನನಗ ಹೇಳಿದ್ರ ಏನೈತಿ? ನಾ ರೊಟ್ಟಿ ಮಾಡಿದ್ದು ನನಗ ಗೊತ್ತೇ ಐತಲ್ಲ."

ಬೈದಿದ್ದರೆ ಎದ್ದು ಬರುವುದು ಸುಲಭವಿತ್ತು. ಏಳುವಾಗ ನನ್ನ ಕೈಯಲ್ಲಿದ್ದ ಖಾಲಿ ಬಾಟಲಿ ನೋಡಿ, ಇಸಿದುಕೊಂಡು, ಗಡಿಗೆಯಿಂದ ತುಂಬಿ ಕೊಟ್ಟಳು. "ಇನ್ನ ಬಿಸಿಲೈತಿ, ಹಿಡೀರಿ." ಬಸ್ಸಿನಲ್ಲಿ ಅದನ್ನು ತೊಡೆಯ ಮೇಲೆ ಇಟ್ಟುಕೊಂಡು ಬಂದೆ. ಲಿಂಗಸುಗೂರಿನವರೆಗೂ ಕುಡಿಯಲಾಗಲಿಲ್ಲ.

ಆ ವರದಿ ಯಾವ ಕಪಾಟಿನಲ್ಲಿ ಗೆದ್ದಲು ಹಿಡಿದಿದೆಯೋ, ಅದಕ್ಕೆ ನನ್ನ ಕೈ ಮುಟ್ಟದು. ತಿದ್ದಿದ್ದನ್ನು ಓದಬೇಕಾಗಿದ್ದ ಆ ಅಪ್ಪನೂ ಇಲ್ಲ. ಶರಣಮ್ಮಳಿಗೆ ಹೇಳಲು ಗೊರೇಬಾಳಕ್ಕೆ ಹೋಗುವುದು ಇನ್ನೂ ಬಾಕಿಯಿದೆ. ಈ ಭಾನುವಾರ ಹೋಗುತ್ತೇನೆ. ಅಲ್ಲಿಯತನಕ ನೀವಾದರೂ ಓದಿಕೊಳ್ಳಿ. ನನ್ನ ಅಕ್ಷರದಲ್ಲಿ ಇದು ಮೊದಲ ಚಿತ್ತು.

'ಬೆಳಿಗ್ಗೆ ಊಟ ಮಾಡದೆ' ಎಂಬುದನ್ನು ಹೊಡೆದುಹಾಕಿದೆ. ಹುಡುಗಿ ಎರಡು ಸಜ್ಜಿ ರೊಟ್ಟಿ ತಿಂದು ಬಂದಿದ್ದಳು. ತಾಯಿ ನಸುಕಿನಲ್ಲಿ ಎದ್ದು ಮಾಡಿದ್ದಳು. ನೀರು ಕೇಳಿದಳು, ನಾನು ಕೊಡಲಿಲ್ಲ.