ಡ್ರಿಲ್ ಮೇಷ್ಟ್ರ ಪ್ರಶ್ನೆ

ಕಾಲೇಜು ವಾಲಿಬಾಲ್ ಪಂದ್ಯಗಳಿಗೆ ಮೂವತ್ತು ವರ್ಷ ರೆಫ್ರಿಯಾಗಿದ್ದ ಡ್ರಿಲ್ ಮೇಷ್ಟ್ರಿಗೆ ಒಂದು ರೂಢಿಯಿತ್ತು. ನೆಟ್ ಬಳಿ ಹಾರಿದವನ ಬೆರಳಿಗೆ ಚೆಂಡು ತಾಗಿತೋ ಇಲ್ಲವೋ ಎಂಬ ಅನುಮಾನ ಬಂದರೆ ಅವನನ್ನೇ ಕೇಳುತ್ತಿದ್ದರು: “ಏನಪ್ಪಾ, ತಾಗಿತಾ?”

ಒಮ್ಮೆ ಫೈನಲ್‌ನ ಕೊನೆಯ ಪಾಯಿಂಟಿನಲ್ಲಿ ಒಬ್ಬ ನಾಯಕ ಹೌದೆಂದು ಕೈ ಎತ್ತಿ ಟ್ರೋಫಿ ಕಳೆದುಕೊಂಡ. “ಬಂದ್ಬಿಟ್ಟ ದೊಡ್ಡ ಸತ್ಯವಂತ!” ಎಂದು ಜೊತೆಯವರೇ ಹಂಗಿಸಿದರು. ಬೆವೆತ ಆ ಕೈ ಮೇಷ್ಟ್ರಿಗೆ ಇಂದಿಗೂ ಕಣ್ಣಿಗೆ ಕಟ್ಟಿದಂತಿದೆ.

ಈ ವರ್ಷ ಅವರ ನಿವೃತ್ತಿ. ವಿಡಿಯೊ ಪರಿಶೀಲನೆಯೂ ಬಂತು. “ಇನ್ನು ನಿಮ್ಮ ಪ್ರಶ್ನೆಗೆ ರಜೆ, ಮೇಷ್ಟ್ರೇ,” ಎಂದು ಪ್ರಿನ್ಸಿಪಾಲರು ನಕ್ಕರು.

“ಕ್ಯಾಮೆರಾ ಇರ್ಲಿ ಸಾರ್, ನನ್ನ ಕಣ್ಣು ಎಷ್ಟೋ ಸಲ ಮೋಸ ಹೋಗಿದೆ. ಆದ್ರೆ ಮೊದ್ಲು ಹುಡುಗರನ್ನ ಕೇಳಿ, ಆಮೇಲೆ ಅದನ್ನ ನೋಡಿ.”

ಪ್ರಿನ್ಸಿಪಾಲರು ನಗು ನಿಲ್ಲಿಸಿ, ಪಂದ್ಯದ ನಿಯಮಗಳಲ್ಲಿ ಆ ಸಾಲನ್ನೂ ಸೇರಿಸಿದರು.